ಬಾರುಯಿಪುರದಲ್ಲಿ ತುಕ್ಕಿನ ಕೆಲಸ

ಕೋಲ್ಕತ್ತದ ಸಿಯಾಲ್‌ದಾ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಡುವ ಲೋಕಲ್ ರೈಲು ಜಾದವ್‌ಪುರ, ಗಡಿಯಾ, ಸೋನಾರ್‌ಪುರಗಳನ್ನು ದಾಟುತ್ತಿದ್ದಂತೆ ಕಟ್ಟಡಗಳ ಸಂದಿಯಲ್ಲಿ ಕೊಳಗಳು ಕಾಣಿಸತೊಡಗುತ್ತವೆ. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಮನೆಗೊಂದು. ಬಾರುಯಿಪುರದಲ್ಲಿ ಇಳಿದರೆ ಬುಟ್ಟಿ ತುಂಬ ಸೀಬೆಹಣ್ಣು ಇಟ್ಟುಕೊಂಡವರು ಎದುರಾಗುತ್ತಾರೆ. ಇಲ್ಲಿಯ ಸೀಬೆ ಬಂಗಾಳದಾದ್ಯಂತ ಹೆಸರುವಾಸಿ. ಊರಿನಿಂದ ಹೊರಗೆ ನಡೆದರೆ ಸೀಬೆ ತೋಟ, ಲಿಚಿ ತೋಟ, ಬಾಳೆ, ನಡುನಡುವೆ ಹಸಿರು ಮುಚ್ಚಿದ ಕೊಳ. ನೀರಿಗೆ ಬರವೇ ಇಲ್ಲದ ನಾಡು. ರಾಯಚೂರು ಕಡೆಯ ಬಿಸಿಲು ಕಂಡು ಬಂದವರಿಗೆ ಇಲ್ಲಿ ಕುಡಿಯುವ ನೀರಿನ ಕಷ್ಟವಿದೆ ಎಂದರೆ ನಂಬಿಕೆ ಬರುವುದು ಕಷ್ಟ.

ಕಷ್ಟ ಇರುವುದು ಕೈಪಂಪಿನಲ್ಲಿ. ದಾರಿಯ ಬದಿಯ ಪಂಪುಗಳ ಸಿಮೆಂಟು ಕಟ್ಟೆ ನೋಡಿದರೆ ನೀರು ಬೀಳುವ ಜಾಗವೆಲ್ಲ ಕೆಂಪು. ಹಿಡಿ ಒತ್ತಿ ಗಾಜಿನ ಬಾಟಲಿಯಲ್ಲಿ ನೀರು ಹಿಡಿದೆ. ತಣ್ಣಗಿತ್ತು, ತಿಳಿಯಾಗಿತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟು ಸುತ್ತಮುತ್ತ ತಿರುಗಿ ಬರುವಷ್ಟರಲ್ಲಿ ನೀರಿಗೆ ಹಳದಿ ಛಾಯೆ ಬಂದಿತ್ತು, ತಳದಲ್ಲಿ ನವಿರಾದ ಕೆಂಪು ಪುಡಿ ಕೂರತೊಡಗಿತ್ತು. ಅದು ಕಬ್ಬಿಣ. ನೆಲದಡಿಯಲ್ಲಿ ಗಾಳಿ ಸೋಕದೆ ಕರಗಿ ಕೂತಿದ್ದ ಕಬ್ಬಿಣ ಹೊರಗಿನ ಗಾಳಿ ತಾಗಿದೊಡನೆ ತುಕ್ಕಾಗುತ್ತದೆ. ಬಟ್ಟೆಗೆ ಕಲೆ ಮಾಡುತ್ತದೆ, ಅನ್ನದ ಬಣ್ಣ ಕೆಡಿಸುತ್ತದೆ, ಬಾಯಿಗೆ ಒಗರು ಎನಿಸುತ್ತದೆ. ಆದ್ದರಿಂದ ಎಲ್ಲರಿಗೂ ಗೊತ್ತು, ಎಲ್ಲರೂ ಬೈಯುತ್ತಾರೆ. ಅದರ ಜೊತೆಗೇ ಬರುವ ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಮಿತಿ ಹಾಕಿತು. ಅಂದರೆ ಒಂದು ಗ್ರಾಮಿನ ಲಕ್ಷದ ಒಂದು ಪಾಲು. ಭಾರತದ ಮಾನಕವೂ ಈಗ ಅಷ್ಟೇ ಹೇಳುತ್ತದೆ. ಈ ಬಯಲಿನ ಎಷ್ಟೋ ಬಾವಿಗಳಲ್ಲಿ ಅದು 50, 100, 250 ಮೈಕ್ರೋಗ್ರಾಂ ಮುಟ್ಟಿದೆ.

ಇದು ಯಾವ ಕಾರ್ಖಾನೆಯೂ ಸುರಿದ ವಿಷವಲ್ಲ. ಹಿಮಾಲಯದ ಬಂಡೆಗಳು ಸವೆದು ಗಂಗೆ, ಬ್ರಹ್ಮಪುತ್ರೆಗಳ ಜೊತೆ ಸಾವಿರಾರು ವರ್ಷ ಹರಿದುಬಂದ ಮಣ್ಣು ಇದು. ಆ ಮಣ್ಣಿನ ಕಣಗಳ ಮೇಲೆ ತುಕ್ಕಿನ ತೆಳು ಲೇಪ, ಆ ಲೇಪಕ್ಕೆ ಅಂಟಿಕೊಂಡು ಆರ್ಸೆನಿಕ್. ಮಣ್ಣಿನೊಳಗೆ ಹೂತ ಎಲೆ, ಬೇರು, ಜೊಂಡು ಕೊಳೆಯುವಾಗ ಆಮ್ಲಜನಕ ತೀರಿಹೋಗುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ತುಕ್ಕನ್ನೇ ಬಳಸಿಕೊಂಡು ಅದನ್ನು ಕರಗಿಸುತ್ತವೆ. ಲೇಪ ಕರಗಿದಾಗ ಆರ್ಸೆನಿಕ್ ನೀರಿಗೆ ಇಳಿಯುತ್ತದೆ. ಹೀಗಾಗಿ ಹೆಚ್ಚಿನ ತೊಂದರೆ ತೀರಾ ಮೇಲಿನ ತೋಡುಬಾವಿಯಲ್ಲೂ ಅಲ್ಲ, ತುಂಬ ಆಳದ ಹಳೆಯ ಮರಳಿನಲ್ಲೂ ಅಲ್ಲ. ಅವೆರಡರ ನಡುವಿನ ಪದರದಲ್ಲಿ, ಒಂದು ಕೈಪಂಪಿನ ಖರ್ಚಿಗೆ ಸುಲಭವಾಗಿ ಸಿಗುವ ಆಳದಲ್ಲಿ.

ಕೈಪಂಪು ಬಂದದ್ದು ಒಳ್ಳೆಯ ಉದ್ದೇಶಕ್ಕೇ. ಕೊಳದ ನೀರು ಕುಡಿದು ಕಾಲರಾ, ಆಮಶಂಕೆಗೆ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ಕೊಳವೆಬಾವಿ ಅವರನ್ನು ಉಳಿಸಿತು. ಆದರೆ 1983ರಲ್ಲಿ ಕೋಲ್ಕತ್ತದ ಉಷ್ಣವಲಯ ರೋಗಗಳ ಆಸ್ಪತ್ರೆಯಲ್ಲಿ ಚರ್ಮವೈದ್ಯ ಡಾ. ಕೆ.ಸಿ. ಸಾಹಾ ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದಂಥ ಮಚ್ಚೆಗಳು, ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾಗಿ ಒರಟು ಚರ್ಮ ಇದ್ದ ಹಳ್ಳಿಗರನ್ನು ಪರೀಕ್ಷಿಸಿ ಇದು ಆರ್ಸೆನಿಕ್ ಎಂದು ಗುರುತಿಸಿದರು. ಮುಂದೆ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಅವರ ತಂಡ ದಶಕಗಳ ಕಾಲ ಹಳ್ಳಿಹಳ್ಳಿ ಸುತ್ತಿ ನೀರು, ಕೂದಲು, ಉಗುರು ಸಂಗ್ರಹಿಸಿ ಈ ರೋಗದ ಹರವನ್ನು ಜಗತ್ತಿಗೆ ತೋರಿಸಿತು. ಚರ್ಮದ ಮೇಲೆ ಲಕ್ಷಣ ಬರಲು ವರ್ಷಗಳೇ ಹಿಡಿಯುತ್ತವೆ. ಕ್ಯಾನ್ಸರ್ ಬರಲು ಇನ್ನೂ ಹೆಚ್ಚು. ಬಂದ ಮೇಲೆ ಖಚಿತ ಮದ್ದಿಲ್ಲ; ಆ ನೀರು ಬಿಡುವುದು, ಪುಷ್ಟಿಯ ಊಟ ಮಾಡುವುದು ಇವೇ ಚಿಕಿತ್ಸೆ. ಆದ್ದರಿಂದ ನೀರು ಶುದ್ಧಗೊಳಿಸುವ ಕೆಲಸ ಆಸ್ಪತ್ರೆಯ ಕೆಲಸಕ್ಕಿಂತ ಮೊದಲು ಆಗಬೇಕು.

ನನ್ನ ಬಾಟಲಿಯ ತಳದ ಕೆಂಪು ಪುಡಿಯಲ್ಲೇ ಎಲ್ಲ ವಿಧಾನಗಳ ಮೂಲವೂ ಇದೆ. ಬಿಳಿ ಹತ್ತಿ ಬಟ್ಟೆಗೆ ಅರಿಶಿನ ಹತ್ತಿದಂತೆ ತುಕ್ಕಿಗೆ ಆರ್ಸೆನಿಕ್ ಹತ್ತಿಕೊಳ್ಳುತ್ತದೆ. ನೆಲದಡಿಯಲ್ಲಿ ತುಕ್ಕು ಕರಗಿದಾಗ ಬಿಡುಗಡೆಯಾದ ವಿಷ, ಮೇಲೆ ಮತ್ತೆ ತುಕ್ಕು ಹುಟ್ಟಿದಾಗ ಅದಕ್ಕೇ ಮರಳುತ್ತದೆ. ಕಬ್ಬಿಣ ಹೆಚ್ಚಿರುವ ನೀರನ್ನು ರಾತ್ರಿಯಿಡೀ ಕೊಡದಲ್ಲಿ ಇಟ್ಟು ಬೆಳಿಗ್ಗೆ ಮೇಲಿನ ತಿಳಿ ಬಗ್ಗಿಸಿಕೊಂಡರೆ ಆರ್ಸೆನಿಕ್ ಒಂದಿಷ್ಟು ತಗ್ಗುತ್ತದೆ. ಸಾಲುವಷ್ಟು ತಗ್ಗುತ್ತದೆಯೇ ಎಂಬುದು ಬಾವಿಯಿಂದ ಬಾವಿಗೆ ಬೇರೆ. ಅದನ್ನೇ ನಂಬಿ ಕೂರುವಂತಿಲ್ಲ.

ಇಲ್ಲೊಂದು ತೊಡಕು ಇದೆ. ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿರುತ್ತದೆ. ಗಾಳಿಯಿಲ್ಲದ ಆಳದಿಂದ ಬರುವುದು ಹೆಚ್ಚಾಗಿ ಆರ್ಸೆನೈಟ್. ಅದಕ್ಕೆ ವಿದ್ಯುತ್ ಅಂಶ ಇರುವುದಿಲ್ಲ. ಆದ್ದರಿಂದ ಎಷ್ಟೋ ಶೋಧಕಗಳಿಂದ ಅದು ಜಾರಿಹೋಗುತ್ತದೆ. ಅದನ್ನು ಆಕ್ಸಿಡೀಕರಿಸಿ ಆರ್ಸೆನೇಟ್ ಮಾಡಿದರೆ ಋಣ ವಿದ್ಯುತ್ ಅಂಶ ಬರುತ್ತದೆ, ತುಕ್ಕಿಗೆ ಗಟ್ಟಿಯಾಗಿ ಅಂಟುತ್ತದೆ. ಬರೀ ಗಾಳಿಗೆ ಒಡ್ಡಿದರೆ ಈ ಬದಲಾವಣೆ ತುಂಬ ನಿಧಾನ. ಅದಕ್ಕೇ ಬ್ಲೀಚಿಂಗ್ ಪೌಡರ್ ಅಥವಾ ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಬೇಕಾಗುತ್ತದೆ. ಬಾಂಗ್ಲಾದೇಶದಲ್ಲಿ ಪ್ರಚಾರಕ್ಕೆ ತಂದ ಎರಡು ಬಕೆಟ್ಟಿನ ವಿಧಾನ ಇದೇ: ಮೇಲಿನ ಬಕೆಟ್ಟಿನ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಪರ್ಮ್ಯಾಂಗನೇಟ್, 200 ಮಿಲಿಗ್ರಾಂ ಪಟಿಕ ಹಾಕಿ ಕೋಲಿನಿಂದ ಜೋರಾಗಿ ಕಲಕುವುದು, ಆಮೇಲೆ ಮೆಲ್ಲಗೆ ಕಲಕುವುದು, ಕೂರಲು ಬಿಟ್ಟು ಮರಳಿನ ಮೂಲಕ ಕೆಳಗಿನ ಬಕೆಟ್ಟಿಗೆ ಇಳಿಸುವುದು. ಓದಲು ಸುಲಭ. ಬೆಳಗಾಗುವ ಮುಂಚೆ ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳಿಸಿ, ಕೂಲಿಗೆ ಹೊರಡುವ ಹೆಂಗಸು ದಿನಾ ಇದನ್ನು ಅಳತೆ ತಪ್ಪದೆ ಮಾಡಬೇಕು ಎಂದು ನಿರೀಕ್ಷಿಸುವುದು ಸುಲಭವಲ್ಲ. ಈ ವಿಧಾನಗಳನ್ನು ರೂಪಿಸಿದವರು ಆಕೆಯ ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ ಎಂದೇ ನನಗೆ ಅನ್ನಿಸುತ್ತದೆ.

ಮನೆಯ ಮಟ್ಟದಲ್ಲಿ ಹೆಚ್ಚು ಬಾಳಿಕೆ ಬಂದದ್ದು ಬಾಂಗ್ಲಾದೇಶದ ಕುಷ್ಟಿಯಾ ಮೂಲದ ರಸಾಯನಶಾಸ್ತ್ರಜ್ಞ ಅಬುಲ್ ಹುಸಾಮ್ ರೂಪಿಸಿದ ಸೋನೋ ಶೋಧಕ. ಒಂದರ ಮೇಲೊಂದು ಎರಡು ಬಕೆಟ್ಟು. ಒಳಗೆ ಮರಳು, ಸಂಸ್ಕರಿಸಿದ ಕಬ್ಬಿಣದ ಚೂರುಗಳ ಪದರ, ಇದ್ದಿಲು, ಇಟ್ಟಿಗೆ ಚೂರು. ಯಾವ ಪುಡಿಯನ್ನೂ ಅಳೆದು ಹಾಕುವ ಗೊಡವೆಯಿಲ್ಲ, ಕಬ್ಬಿಣ ತಾನೇ ತುಕ್ಕಾಗುತ್ತ ಕೆಲಸ ಮಾಡುತ್ತದೆ. 2007ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಅಕಾಡೆಮಿ ಅದಕ್ಕೆ 10 ಲಕ್ಷ ಡಾಲರಿನ ಗ್ರೇಂಜರ್ ಪ್ರಶಸ್ತಿ ಕೊಟ್ಟಿತು. ಹುಸಾಮ್ ಹಣದ ಬಹುಪಾಲನ್ನು ಶೋಧಕ ಹಂಚಲು ಬಳಸಿದರು.

ಬಾರುಯಿಪುರದ ನೆಲಕ್ಕೆ ಇನ್ನೊಂದು ಕಥೆಯಿದೆ, ಅದು ಅಷ್ಟು ಹಿತವಾದದ್ದಲ್ಲ. ಇಲ್ಲಿ ‘ತಂತ್ರಜ್ಞಾನ ಉದ್ಯಾನ’ ಎಂಬ ಯೋಜನೆಯಡಿ 11 ತಯಾರಕರ 19 ಆರ್ಸೆನಿಕ್ ನಿವಾರಣಾ ಘಟಕಗಳನ್ನು ಕೈಪಂಪುಗಳಿಗೆ ಜೋಡಿಸಿದ್ದರು. ದೇಶದವೂ ಇದ್ದವು, ಹೊರಗಿನವೂ ಇದ್ದವು. ಒಂದೊಂದರ ಬೆಲೆ ಸುಮಾರು 1500 ಡಾಲರು. ಜಾದವ್‌ಪುರದ ತಂಡ ಅವನ್ನು ಎರಡು ವರ್ಷ ಬೆನ್ನು ಹತ್ತಿ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಉದ್ದಕ್ಕೂ 10 ಮೈಕ್ರೋಗ್ರಾಂ ಒಳಗೆ ನೀರು ಕೊಟ್ಟದ್ದು ಒಂದೂ ಇಲ್ಲ. ಆಗ ಭಾರತ ಒಪ್ಪಿಕೊಂಡಿದ್ದ 50 ಮೈಕ್ರೋಗ್ರಾಂ ಮಿತಿಯನ್ನು ಕೊನೆಯವರೆಗೂ ಕಾಪಾಡಿದ್ದು ಎರಡು ಮಾತ್ರ.

ಇವು ಕೆಟ್ಟದ್ದು ರಸಾಯನಶಾಸ್ತ್ರ ಸುಳ್ಳಾದ್ದರಿಂದ ಅಲ್ಲ. ಇಂಥ ಘಟಕದ ಹತ್ತಿರ ನಿಂತು ನೋಡಿದರೆ ಕಾರಣ ಅರ್ಥವಾಗುತ್ತದೆ. ಪಂಪಿನ ಮೇಲೆ ಆಳೆತ್ತರದ ಉಕ್ಕಿನ ಪೀಪಾಯಿ. ಒಳಗೆ ಹೆಚ್ಚಿನವುಗಳಲ್ಲಿ ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ಬಿಳಿ ಹರಳು, ಅಥವಾ ಕಬ್ಬಿಣದ ಆಕ್ಸೈಡ್ ಹರಳು. ಪಂಪು ಒತ್ತಿದಂತೆ ನೀರು ಮೇಲೇರಿ, ಹರಳುಗಳ ನಡುವೆ ಇಳಿದು, ಕೆಳಗಿನ ನಲ್ಲಿಯಲ್ಲಿ ಬರುತ್ತದೆ. ಬಂಗಾಳದ ನೀರಿನ ಕಬ್ಬಿಣ ಆ ಹರಳುಗಳ ಸಂದಿಯಲ್ಲಿ ಗಟ್ಟಿ ಕೆಸರಾಗಿ ಕೂತು ದಾರಿ ಕಟ್ಟುತ್ತದೆ. ಆದ್ದರಿಂದ ದಿನವೂ ಅಥವಾ ದಿನ ಬಿಟ್ಟು ದಿನ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ತೊಳೆಯಬೇಕು. ಯಾರು ತೊಳೆಯಬೇಕು? ತಯಾರಕ ನಗರಕ್ಕೆ ಮರಳಿದ್ದಾನೆ, ಇಲಾಖೆಯವರು ವರ್ಷಕ್ಕೊಮ್ಮೆ ಬರುತ್ತಾರೆ. ನೀರು ಸಣ್ಣಗೆ ಬರತೊಡಗಿದಾಗ ಜನ ಪಕ್ಕದ ಪಂಪಿಗೆ ಹೋಗುತ್ತಾರೆ. ಹರಳು ಹೀರುವಷ್ಟು ಹೀರಿ ತುಂಬಿದ ಮೇಲೆ ಆರ್ಸೆನಿಕ್ ನೇರವಾಗಿ ಹಾದುಬರುತ್ತದೆ. ಆಗಲೂ ನೀರು ತಿಳಿಯಾಗಿಯೇ ಇರುತ್ತದೆ, ಕಬ್ಬಿಣದ ಒಗರೂ ಇರುವುದಿಲ್ಲ. ಘಟಕ ಇದೆ ಎಂಬ ಧೈರ್ಯದಲ್ಲಿ ಕುಡಿಯುವ ಆ ನೀರು ಘಟಕವೇ ಇಲ್ಲದ ಪಂಪಿನ ನೀರಿಗಿಂತ ಅಪಾಯಕಾರಿ.

ಅದೇ ಅಲ್ಯುಮಿನಾ ಬೇರೆ ಕೈಗಳಲ್ಲಿ ವರ್ಷಗಟ್ಟಲೆ ನಡೆದಿದೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದಲ್ಲಿದ್ದ ಅರೂಪ್ ಸೇನ್‌ಗುಪ್ತ ಶಿಬ್‌ಪುರದ ಬಂಗಾಳ ಎಂಜಿನಿಯರಿಂಗ್ ಕಾಲೇಜಿನವರ ಜೊತೆ ಸೇರಿ 1997ರಿಂದ ಉತ್ತರ 24 ಪರಗಣದ ಅಶೋಕ್‌ನಗರ ಸುತ್ತಮುತ್ತ ಇಟ್ಟ ಘಟಕಗಳಲ್ಲಿ ಹರಳು ತುಂಬಿದ ಮೇಲೆ ಎಸೆಯುವುದಿಲ್ಲ. ಒಂದು ಕೇಂದ್ರಕ್ಕೆ ಒಯ್ದು ಕಾಸ್ಟಿಕ್ ಸೋಡಾದಿಂದ ತೊಳೆದು ಮತ್ತೆ ಬಳಸುತ್ತಾರೆ. ಪೀಪಾಯಿಯ ಮೇಲ್ಭಾಗದಲ್ಲಿ ಗಾಳಿ ಆಡಲು ಜಾಗ ಬಿಟ್ಟು, ನೀರಿನ ಕಬ್ಬಿಣ ಅಲ್ಲೇ ತುಕ್ಕಾಗಿ ಒಂದಿಷ್ಟು ಆರ್ಸೆನಿಕ್ ಹಿಡಿಯುವಂತೆ ಮಾಡಿದ್ದಾರೆ. ಬೇರೆಯವರ ಘಟಕವನ್ನು ಕಟ್ಟಿಹಾಕಿದ ಕಬ್ಬಿಣವನ್ನೇ ಇಲ್ಲಿ ದುಡಿಸಿಕೊಂಡಿದ್ದಾರೆ. ಮುಖ್ಯವಾಗಿ, ಪ್ರತಿ ಪಂಪಿಗೂ ಊರಿನವರದೇ ಸಮಿತಿ, ಮನೆಗೆ ತಿಂಗಳ ಸಣ್ಣ ಚಂದಾ, ತೊಳೆಯಲು ಒಬ್ಬ ಊರಿನವನು, ಅವನಿಗೆ ಸಂಬಳ. 2007ರ ಗ್ರೇಂಜರ್ ಪ್ರಶಸ್ತಿಯ ಎರಡನೆಯ ಸ್ಥಾನ ಇದಕ್ಕೆ ಸಂದಿತು. ಪ್ರಶಸ್ತಿಗಿಂತ ಆ ಸಂಬಳ ದೊಡ್ಡದು ಎಂದು ನನ್ನ ಲೆಕ್ಕ.

ಬಾರುಯಿಪುರದಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಧಪ್‌ಧಪಿ. ಅಲ್ಲಿಯ ಹೈಸ್ಕೂಲಿನ ಆವರಣದಲ್ಲಿ ದಿನಕ್ಕೆ 10,000 ಲೀಟರ್ ನೀರು ಶುದ್ಧ ಮಾಡುವ ಸಾಮರ್ಥ್ಯದ ಸ್ಥಾವರವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯ ಅಶೋಕ್ ಗಾಡ್ಗೀಳ್ ತಂಡ ಜಾದವ್‌ಪುರ ವಿಶ್ವವಿದ್ಯಾಲಯದವರೊಂದಿಗೆ ಕಟ್ಟಿದ್ದು. 2016ರಿಂದ ನೀರು ಕೊಡತೊಡಗಿತು. ಇಲ್ಲಿ ಆರ್ಸೆನಿಕ್ ಹಿಡಿಯಲು ಕಬ್ಬಿಣದ ಪುಡಿಯನ್ನೋ ರಾಸಾಯನಿಕವನ್ನೋ ಎಲ್ಲಿಂದಲೂ ತರುವುದಿಲ್ಲ. ತುಕ್ಕನ್ನು ಅಲ್ಲೇ ಹುಟ್ಟಿಸುತ್ತಾರೆ.

ಕೊಳವೆಬಾವಿಯ ನೀರು ಬಂದು ತುಂಬುವ ತೊಟ್ಟಿಯಲ್ಲಿ ಕಬ್ಬಿಣದ ತಗಡುಗಳು ಸಾಲಾಗಿ ಒತ್ತೊತ್ತಿಗೆ ನಿಂತಿರುತ್ತವೆ. ಅವಕ್ಕೆ ಕೆಲವೇ ವೋಲ್ಟಿನ ನೇರ ವಿದ್ಯುತ್ ಹರಿಸಿದರೆ ಒಂದು ಬದಿಯ ತಗಡಿನಿಂದ ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿರುವ ಆಮ್ಲಜನಕದೊಂದಿಗೆ ಕೂಡಿ ಕ್ಷಣದಲ್ಲಿ ತುಕ್ಕಾಗುತ್ತದೆ. ಈ ವಿಧಾನದ ಸೊಗಸು ಇರುವುದು ಆ ಕ್ಷಣದಲ್ಲೇ. ಕಬ್ಬಿಣ ತುಕ್ಕಾಗುವ ನಡುವೆ ಅಲ್ಪಾಯುವಾದ, ತೀರಾ ಚುರುಕಾದ ಕೆಲವು ಕಣಗಳು ಹುಟ್ಟುತ್ತವೆ. ಹಠಮಾರಿ ಆರ್ಸೆನೈಟನ್ನು ಅವೇ ಆರ್ಸೆನೇಟ್ ಮಾಡಿಬಿಡುತ್ತವೆ. ಬ್ಲೀಚಿಂಗ್ ಪೌಡರ್ ಅಳೆಯುವ ಕೆಲಸ ತಪ್ಪಿತು. ಹೊಸದಾಗಿ ಹುಟ್ಟಿದ ತುಕ್ಕಿನ ಕಣ ತುಂಬ ಸಣ್ಣದು, ಆದ್ದರಿಂದ ಅಂಟಿಕೊಳ್ಳಲು ಜಾಗ ಬಹಳ. ತಿಳಿನೀರು ನೋಡನೋಡುತ್ತ ಕಿತ್ತಳೆ-ಕಂದು ರಾಡಿಯಾಗುತ್ತದೆ. ಮೊದಲ ಸಲ ನೋಡುವವರಿಗೆ ಕುಡಿಯುವ ನೀರನ್ನು ಹೀಗೇಕೆ ಕೆಡಿಸುತ್ತಿದ್ದಾರೆ ಎಂದು ಗಾಬರಿಯಾದರೆ ಆಶ್ಚರ್ಯವಿಲ್ಲ. ಮುಂದಿನ ತೊಟ್ಟಿಯಲ್ಲಿ ಸ್ವಲ್ಪ ಪಟಿಕ ಸೇರಿಸಿ ರಾಡಿಯನ್ನು ಗುಪ್ಪೆಗಟ್ಟಿಸಿ ಕೂರಿಸುತ್ತಾರೆ. ಮೇಲಿನ ತಿಳಿ ಸಂಗ್ರಹದ ಟ್ಯಾಂಕಿಗೆ ಹೋಗುತ್ತದೆ. ಈ ಸ್ಥಾವರದ ಬಗ್ಗೆ ತಂಡ ಪ್ರಕಟಿಸಿದ ಲೆಕ್ಕದಲ್ಲಿ ಒಳಬರುವ ನೀರಿನಲ್ಲಿ ಲೀಟರಿಗೆ ಸರಾಸರಿ 250 ಮೈಕ್ರೋಗ್ರಾಂ ಆಸುಪಾಸು ಆರ್ಸೆನಿಕ್, ಹೊರಹೋಗುವ ನೀರಿನಲ್ಲಿ 3ರ ಆಸುಪಾಸು.

ಶಾಲೆಯ ಮಕ್ಕಳಿಗೆ ಈ ನೀರು ಪುಕ್ಕಟೆ. ಊರಿನವರು ಕಾರ್ಡು ತೋರಿಸಿ ಕಡಿಮೆ ದರಕ್ಕೆ ಕ್ಯಾನು ತುಂಬಿಸಿಕೊಳ್ಳುವ ಏರ್ಪಾಡು. ಕುಡಿಯುವ ನೀರನ್ನು ಮಾರುವುದು ಸರಿಯೇ ಎಂದು ನನ್ನಂತೆ ಹಲವರು ಕೇಳುತ್ತಾರೆ. ಬಾರುಯಿಪುರದ 19 ಘಟಕಗಳ ಗತಿ ನೋಡಿದ ಮೇಲೆ ಆ ಪ್ರಶ್ನೆ ನನ್ನಲ್ಲಿ ಸ್ವಲ್ಪ ಮೆತ್ತಗಾಗಿದೆ. ತಗಡು ಸವೆದಾಗ ಬದಲಿಸಬೇಕು, ಕರೆಂಟಿನ ಬಿಲ್ಲು ಕಟ್ಟಬೇಕು, ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಕೆಲಸದವರಿಗೆ ಸಂಬಳ ಕೊಡಬೇಕು. ಇದಕ್ಕೆ ದುಡ್ಡು ಪ್ರತಿ ತಿಂಗಳೂ ಬರಬೇಕು, ಉದ್ಘಾಟನೆಯ ದಿನ ಮಾತ್ರ ಅಲ್ಲ. ಸರಕಾರ ಕೊಟ್ಟರೆ ಇನ್ನೂ ಒಳ್ಳೆಯದು. ಎಲ್ಲಿಂದಲೂ ಬಾರದಿದ್ದರೆ ತೊಟ್ಟಿ ಒಣಗುತ್ತದೆ.

ತೊಟ್ಟಿಯ ತಳದ ಕೆಸರಿನ ಬಗ್ಗೆ ಕೇಳದೆ ಯಾವ ಸ್ಥಾವರದಿಂದಲೂ ಹೊರಡಬಾರದು. ನೀರಿನಿಂದ ತೆಗೆದ ಆರ್ಸೆನಿಕ್ ಎಲ್ಲಿಯೂ ಮಾಯವಾಗಿಲ್ಲ. ಅದು ಮೂಲಧಾತು, ಸುಟ್ಟರೂ ಕೊಳೆಸಿದರೂ ನಾಶವಾಗುವುದಿಲ್ಲ. ಆ ಕೆಸರನ್ನು ಪಕ್ಕದ ಕೊಳಕ್ಕೋ ಸಗಣಿ ಗುಂಡಿಗೋ ಎಸೆದರೆ ಅಲ್ಲಿ ಗಾಳಿಯಿಲ್ಲದೆ, ಕೊಳೆತದ ನಡುವೆ ಅದೇ ಸೂಕ್ಷ್ಮಜೀವಿಗಳು ಅದೇ ತುಕ್ಕನ್ನು ಕರಗಿಸಿ ವಿಷವನ್ನು ಮತ್ತೆ ನೆಲಕ್ಕೆ ಬಿಡುತ್ತವೆ. ನೆಲದಡಿಯಲ್ಲಿ ಸಾವಿರಾರು ವರ್ಷ ನಡೆದ ಕಥೆಯನ್ನು ಹಿತ್ತಲಿನಲ್ಲಿ ಮರುನಡೆಸಿದಂತಾಯಿತು. ಸೇನ್‌ಗುಪ್ತ ಅವರ ಘಟಕಗಳ ಪಕ್ಕದಲ್ಲಿ ಗಾಳಿಯಾಡುವ ದಪ್ಪ ಮರಳಿನ ತೊಟ್ಟಿ ಕಟ್ಟಿ ಕೆಸರನ್ನು ಅದರ ಮೇಲೆ ಇಡುವುದು ಇದೇ ಕಾರಣಕ್ಕೆ. ಗಾಳಿ ಇರುವವರೆಗೆ ತುಕ್ಕು ತುಕ್ಕಾಗಿಯೇ ಇರುತ್ತದೆ. ಧಪ್‌ಧಪಿಯ ಬಗೆಯ ಕೆಸರನ್ನು ಕಾಂಕ್ರೀಟಿನಲ್ಲಿ ಕಲಸಿ ಗಟ್ಟಿಮಾಡಿದರೆ ಆರ್ಸೆನಿಕ್ ಅಲ್ಲಿಯೇ ಸೆರೆಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮನೆಯ ಶೋಧಕದ ಕೆಸರಿಗೆ ಇಂಥ ಜಾಗ ಯಾರೂ ಮಾಡಿಕೊಟ್ಟಿಲ್ಲ, ಅದು ಹಿತ್ತಲಿಗೇ ಹೋಗುತ್ತದೆ.

ಈ ಎಲ್ಲಕ್ಕೂ ಪರ್ಯಾಯ ನದಿ. ಹೂಗ್ಲಿಯ ನೀರನ್ನು ಡೊಂಗಾರಿಯಾದಲ್ಲಿ ಶುದ್ಧ ಮಾಡಿ ಪೈಪಿನಲ್ಲಿ ದಕ್ಷಿಣ 24 ಪರಗಣದ ಬ್ಲಾಕುಗಳಿಗೆ ಕಳಿಸುತ್ತಾರೆ. ನದಿಯ ನೀರಿನಲ್ಲಿ ಈ ತೊಂದರೆ ಇಲ್ಲ. ಕೊಳೆ ಇದೆ, ಅದನ್ನು ತೆಗೆಯುವುದು ಊರೂರಿಗೂ ಗೊತ್ತಿರುವ ಕೆಲಸ. ಆದರೆ ಪೈಪಿನ ಕೊನೆಯಲ್ಲಿರುವ ಮನೆಗಳಿಗೆ ನೀರು ಬರುವುದು ಕಡಿಮೆ, ಬಾರದ ದಿನ ಕೈಪಂಪು ಹತ್ತಿರ. ಬೇಸಿಗೆಯ ಬೋರೋ ಭತ್ತಕ್ಕೆ ಹಾಯಿಸುವುದೂ ಇದೇ ನೆಲದ ನೀರು. ಅನ್ನದ ಮೂಲಕ ಹೊಟ್ಟೆ ಸೇರುವ ಆರ್ಸೆನಿಕ್‌ಗೆ ನಲ್ಲಿಯಲ್ಲಿ ಉತ್ತರವಿಲ್ಲ.

ಜಾದವ್‌ಪುರದ ಅದೇ ತಂಡಕ್ಕೂ ನಮ್ಮ ಯಾದಗಿರಿ ಜಿಲ್ಲೆಗೂ ನೇರ ನಂಟಿದೆ. ಸುರಪುರ ಭಾಗದ ಮಂಗಳೂರು (ಕರಾವಳಿಯ ಮಂಗಳೂರಲ್ಲ) ಹಸಿರುಶಿಲಾ ಪಟ್ಟಿಯಲ್ಲಿ, ಕೈಬಿಟ್ಟ ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದಂಥ ಊರಿನ ಜನರ ಕೂದಲು, ಉಗುರು, ಬಾವಿ ನೀರು ಪರೀಕ್ಷಿಸಿ ದೀಪಂಕರ್ ಚಕ್ರವರ್ತಿ ಮತ್ತು ಜೊತೆಗಾರರು 2013ರಲ್ಲಿ ವರದಿ ಪ್ರಕಟಿಸಿದರು. 59 ಕೊಳವೆಬಾವಿಗಳ ಮಾದರಿಯಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ದಾಟಿತ್ತು. ಅತಿ ಹೆಚ್ಚು 303. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕೂ ಹೆಚ್ಚಿನವರ ಚರ್ಮದ ಮೇಲೆ ಆ ಗುರುತುಗಳಿದ್ದವು. ಬಂಗಾಳದಲ್ಲಿ ಹರಡಿರುವಷ್ಟು ಅಗಲಕ್ಕೆ ಇದು ಹರಡಿಲ್ಲ ಎಂಬ ಸಮಾಧಾನ ಆ ತಾಂಡಾದವರಿಗೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಬಾರುಯಿಪುರದಲ್ಲಿ ನೋಡಿದ್ದನ್ನು ಹಾಗೆಯೇ ಅಲ್ಲಿಗೆ ಹೊತ್ತೊಯ್ಯುವಂತೆಯೂ ಇಲ್ಲ. ಬಂಗಾಳದ ಘಟಕಗಳು ನೀರಿನಲ್ಲೇ ಇರುವ ಕಬ್ಬಿಣವನ್ನು ಅರ್ಧ ನೆಚ್ಚಿಕೊಂಡಿವೆ. ಗಟ್ಟಿ ಬಂಡೆಯ ಬಿರುಕಿನ ನೀರಿನಲ್ಲಿ ಅಷ್ಟು ಕಬ್ಬಿಣ ಸಿಗುತ್ತದೆಂದು ನಂಬುವಂತಿಲ್ಲ. ಅಂಥ ಕಡೆ ತುಕ್ಕನ್ನು ತಾನೇ ಹುಟ್ಟಿಸುವ ಧಪ್‌ಧಪಿಯ ವಿಧಾನ ಅಥವಾ ಕಬ್ಬಿಣದ ಆಕ್ಸೈಡ್ ಹರಳು ಹೆಚ್ಚು ಹೊಂದುತ್ತದೆ. ರಾಯಚೂರು, ಯಾದಗಿರಿಗಳ ಬಾವಿಗಳಲ್ಲಿ ಫ್ಲೋರೈಡ್ ಬೇರೆ. ಆರ್ಸೆನಿಕ್ ಮೈಕ್ರೋಗ್ರಾಂ ಲೆಕ್ಕದಲ್ಲಿದ್ದರೆ ಫ್ಲೋರೈಡ್ ಮಿಲಿಗ್ರಾಂ ಲೆಕ್ಕದಲ್ಲಿ ಬರುತ್ತದೆ, ಎರಡೂ ಒಂದೇ ಅಲ್ಯುಮಿನಾದ ಮೇಲೆ ಜಾಗ ಹಿಡಿಯುತ್ತವೆ, ಹರಳು ಎಣಿಸಿದ್ದಕ್ಕಿಂತ ಬೇಗ ತುಂಬುತ್ತದೆ. ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಆರ್‌ಓ ಘಟಕಗಳು ಆರ್ಸೆನೇಟನ್ನು ಚೆನ್ನಾಗಿ ತಡೆಯುತ್ತವೆ, ಆರ್ಸೆನೈಟನ್ನು ಅಷ್ಟಾಗಿ ತಡೆಯುವುದಿಲ್ಲ. ಅಲ್ಲದೆ ತಡೆದದ್ದೆಲ್ಲ ಹೊರಬಿಡುವ ನೀರಿನಲ್ಲಿ ಸೇರಿ ಚರಂಡಿಗೆ ಹರಿಯುತ್ತದೆ, ಚರಂಡಿಯ ಪಕ್ಕ ದನ ನೀರು ಕುಡಿಯುತ್ತವೆ. ಗಣಿ ಸುತ್ತಲಿನ ಊರುಗಳ ಆರ್‌ಓ ಘಟಕದ ಎರಡೂ ನೀರನ್ನು, ಅಂದರೆ ಕ್ಯಾನಿಗೆ ಬರುವುದನ್ನೂ ಚರಂಡಿಗೆ ಬಿಡುವುದನ್ನೂ, ಆರ್ಸೆನಿಕ್‌ಗೆಂದೇ ಪರೀಕ್ಷಿಸುವಂತೆ ಗ್ರಾಮ ಪಂಚಾಯಿತಿಯವರು ಪಟ್ಟು ಹಿಡಿಯಬೇಕು. ಮಾಮೂಲಿ ಗಡಸುತನದ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ಸುರಪುರ ಸೀಮೆಗೆ ಕೃಷ್ಣೆ ದೂರವಿಲ್ಲ, ನಾರಾಯಣಪುರದ ಜಲಾಶಯ ಅಲ್ಲಿಯೇ ಇದೆ. ಪೈಪಿನಲ್ಲಿ ಹೊಳೆ ನೀರು ಬರುವ ಊರಿನಲ್ಲಿ ಹಳೆಯ ಬೋರ್‌ವೆಲ್ಲಿನ ಹಿಡಿಯನ್ನು ಕಳಚಿ ಇಡಬೇಕು, ಇಲ್ಲವೆ ಕುಡಿಯಬಾರದೆಂದು ಕೆಂಪು ಬಣ್ಣ ಬಳಿಯಬೇಕು. ಮೋಟಾರು ಸುಟ್ಟು ಪೈಪಿನ ನೀರು ವಾರಗಟ್ಟಲೆ ನಿಂತಾಗ ಟ್ಯಾಂಕರು ಕಳಿಸುವವರು ಯಾರು, ಅದರ ದುಡ್ಡು ಯಾವ ಲೆಕ್ಕದಿಂದ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.